ಮೇಬಲ್ ನಿಂತೇ ಕಳೆದ ಚಳಿಗಾಲ

"ಅವಳು ಮಲಗಬಾರದು, ಸದ್ಯಕ್ಕೆ ಅದೊಂದೇ ಚಿಕಿತ್ಸೆ" ಎಂದರು ಡಾಕ್ಟರು. ಎಷ್ಟು ದಿನ ಎಂದೆ. ಸುಮಾರು ಎರಡು ತಿಂಗಳು ಎಂದರು. ನಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ಇನ್ನೊಂದು ಸಲ ಕೇಳಿದೆ. ಅದೇ ಉತ್ತರ ಬಂತು. ಮೇಬಲ್ ಎರಡು ತಿಂಗಳು ನಿಂತೇ ಇರಬೇಕು, ನಿಂತೇ ತಿನ್ನಬೇಕು, ನಿಂತೇ ತೂಕಡಿಸಬೇಕು. ಮಲಗಿದರೆ ಏಳಬೇಕಾಗುತ್ತದೆ. ಏಳುವಾಗ ಮೈಭಾರವೆಲ್ಲ ಮುಂಗಾಲಿನ ಮೇಲೆ ಬೀಳುತ್ತದೆ, ಬಿರುಕು ಬಿಟ್ಟ ಮೂಳೆ ಎರಡು ತುಂಡಾಗುತ್ತದೆ. ಹಾಗಾದರೆ ಒಂದು ಇಂಜೆಕ್ಷನ್ ಕೊಟ್ಟು ಕಳಿಸಿಕೊಡುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ.

ಮೇಬಲ್ ನನ್ನ ಕುದುರೆ. ಹದಿನಾಲ್ಕು ವರ್ಷದ ಕಂದು ಬಣ್ಣದ ಹೆಣ್ಣು ಕುದುರೆ. ಹೊಟ್ಟೆ ಸ್ವಲ್ಪ ಜಾಸ್ತಿ, ಸಿಟ್ಟೂ ಜಾಸ್ತಿ. ಈ ಎರಡರಲ್ಲೂ ನಾವಿಬ್ಬರೂ ಒಂದೇ ಎಂದು ನನ್ನ ಗಂಡ ರಘು ಹೇಳುತ್ತಿರುತ್ತಾರೆ. ಲಂಡನ್ನಿನ ದಕ್ಷಿಣ ತುದಿಯ ಕ್ರೋಯ್ಡನ್ನಿನ ಫ್ಲಾಟಿನಲ್ಲಿರುವ ಮೈಸೂರಿನ ಹೆಂಗಸಿಗೆ ಕುದುರೆ ಎಲ್ಲಿಂದ ಗಂಟುಬಿತ್ತು ಎಂದು ಕೇಳದವರಿಲ್ಲ. ಮಗಳು ಅನನ್ಯಾಳಿಂದ ಗಂಟುಬಿತ್ತು. ಅವಳಿಗೆ ಒಂಬತ್ತು ವರ್ಷವಿದ್ದಾಗ ಕುದುರೆ ಸವಾರಿ ಕಲಿಯುತ್ತೇನೆಂದು ಹಟ ಹಿಡಿದಳು. ಟ್ರಾಮ್ ಹತ್ತಿ ಕೊನೆಯ ಸ್ಟಾಪಿನಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲಿ ಗುಡ್ಡ ಹತ್ತಿದರೆ ಒಂದು ಲಾಯವಿದೆ. ಪ್ರತಿ ಶನಿವಾರ ಅವಳು ಕಲಿಯುವಾಗ ನಾನು ಚಳಿಯಲ್ಲಿ ನಡುಗುತ್ತಾ ನಿಲ್ಲುತ್ತಿದ್ದೆ. ಸುಮ್ಮನೆ ನಿಂತು ಏನು ಮಾಡುವುದೆಂದು ಒಂದು ದಿನ ಬ್ರಷ್ ಕೈಗೆ ತೆಗೆದುಕೊಂಡೆ. ಅನನ್ಯಾ ಬರುಬರುತ್ತಾ ಪರೀಕ್ಷೆ, ಗೆಳತಿಯರು ಎಂದು ಬಿಟ್ಟಳು. ನಾನು ಬಿಡಲಿಲ್ಲ. ಮೇಬಲ್‌ನ ಹಳೆಯ ಒಡತಿ ಲಂಡನ್ ಬಿಟ್ಟು ಹೋಗುವಾಗ ನೀನೇ ಇಟ್ಟುಕೋ ಎಂದಳು, ಇಟ್ಟುಕೊಂಡೆ. ಮಗಳಿಗೆ ಕನ್ನಡದಲ್ಲಿ ಏನು ಹೇಳಿದರೂ ಇಂಗ್ಲಿಷಿನಲ್ಲಿ ಉತ್ತರ ಬರುತ್ತದೆ. ಎದುರಾಡದೆ ನನ್ನ ಕನ್ನಡ ಪೂರ್ತಿ ಕೇಳುವವಳು ಮೇಬಲ್ ಒಬ್ಬಳೇ.

ಇದನ್ನು ಬರೆಯಲು ಕಾರಣವಿದೆ. ಮನೆಯಲ್ಲಿ ಮನುಷ್ಯರಿಗೆ ಕಾಯಿಲೆಯಾದರೆ ಅಳಬಹುದು, ರಜೆ ಹಾಕಬಹುದು, ಯಾರೂ ಏನೂ ಅನ್ನುವುದಿಲ್ಲ. ಪ್ರಾಣಿಗೆ ಆದರೆ ಅಳುವುದಕ್ಕೂ ಒಂಥರಾ ನಾಚಿಕೆ. ಆ ಚಳಿಗಾಲದಲ್ಲಿ ನಾನು ಬಸ್ಸಿನ ಮೇಲಿನ ಅಂತಸ್ತಿನಲ್ಲಿ, ಕಿಟಕಿಯ ಕಡೆ ಮುಖ ಮಾಡಿಕೊಂಡು ಎಷ್ಟೋ ಸಲ ಅತ್ತಿದ್ದೇನೆ. ಹಾಗೆ ಕೂತಿರುವವರು ಬೇರೆಯವರೂ ಇರುತ್ತಾರೆ. ಅವರಿಗೆ ಹೇಳಬೇಕು ಅನ್ನಿಸಿತು.

ನಾನು ಹೈ ಸ್ಟ್ರೀಟಿನ ಒಂದು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಡಿಸೆಂಬರ್ ಶುರುವಾಗಿತ್ತು, ಕೆಮ್ಮು ನೆಗಡಿಯವರ ಸಾಲು ಬಾಗಿಲವರೆಗೆ ನಿಂತಿತ್ತು. ಲಾಯದ ಯಜಮಾನಿ ಜೂಲಿಯ ಫೋನ್ ಬಂತು. "ಗಾಬರಿಯಾಗಬೇಡ" ಎಂದೇ ಶುರು ಮಾಡಿದಳು. ಯಾರಾದರೂ ಹಾಗೆ ಶುರು ಮಾಡಿದರೆ ನನಗೆ ಗಾಬರಿಯೇ ಆಗುವುದು. ಬಯಲಿನಲ್ಲಿ ಒಣಹುಲ್ಲಿನ ಹತ್ತಿರ ಜಗಳವಾಗಿ ಇನ್ನೊಂದು ಕುದುರೆ ಮೇಬಲ್‌ಗೆ ಒದ್ದಿತ್ತು. ಬಲ ಮುಂಗಾಲು, ಮೊಣಕಾಲಿಗಿಂತ ಸ್ವಲ್ಪ ಮೇಲೆ.

ನಾನು ಹೋಗಿ ನೋಡಿದಾಗ ಗಾಯ ಎರಡು ಬೆರಳಷ್ಟೇ ಅಗಲ ಇತ್ತು. ಎರಡು ಹೊಲಿಗೆ ಹಾಕಿದರೆ ಮುಗಿಯಿತು ಅಂದುಕೊಂಡೆ. ಆದರೆ ಮೇಬಲ್ ಆ ಕಾಲಿನ ಮೇಲೆ ಭಾರ ಹಾಕುತ್ತಿರಲಿಲ್ಲ, ನನ್ನನ್ನು ನೋಡಿ ಕಿವಿಯನ್ನೂ ಎತ್ತಲಿಲ್ಲ. ಕುದುರೆ ಡಾಕ್ಟರ್ ಫಿಯೋನಾ ತಿಂಡಿ ಡಬ್ಬಿಯಷ್ಟು ದೊಡ್ಡ ಎಕ್ಸ್‌ರೇ ಯಂತ್ರ ತಂದಿದ್ದರು. ನಾಲ್ಕು ಕಡೆಯಿಂದ ಚಿತ್ರ ತೆಗೆದು, ದೊಡ್ಡ ಕುದುರೆ ಆಸ್ಪತ್ರೆಯಲ್ಲಿರುವ ತಮ್ಮ ಸಹೋದ್ಯೋಗಿಗೆ ಕಳಿಸಿದರು. ಉತ್ತರ ಬರುವವರೆಗೆ ಕಾಯಿರಿ ಎಂದರು.

ಕಾಯುವ ಕೋಣೆ ಎಂದರೆ ಜೀನು, ಲಗಾಮು ತೂಗುಹಾಕುವ ಕೋಣೆ. ಅಲ್ಲಿ ಒಂದು ಕೆಟಲ್, ಹಿಡಿ ಮುರಿದ ನಾಲ್ಕು ಮಗ್ಗುಗಳು, ಸ್ಪ್ರಿಂಗ್ ಕಿತ್ತುಬಂದ ಒಂದು ಸೋಫಾ. ಜೂಲಿ ಅರವತ್ತು ದಾಟಿದವಳು, ಮಾತು ಕಡಿಮೆ. ಕೇಳದೆಯೇ ನನ್ನ ಚಹಾಗೆ ಮೂರು ಚಮಚ ಸಕ್ಕರೆ ಹಾಕಿ ಕೊಟ್ಟಳು. ಅನನ್ಯಾ ಕಾಲೇಜಿನಿಂದ ನೇರ ಅಲ್ಲಿಗೆ ಬಂದಳು. ಈ ಹುಡುಗಿ ಮೇಬಲ್‌ನ ಹತ್ತಿರ ಬಂದೇ ಎರಡು ವರ್ಷವಾಗಿತ್ತು. ಬಂದವಳೇ ನನ್ನ ಪಕ್ಕ ಕೂತು ತೋಳು ಹಿಡಿದುಕೊಂಡಳು.

"ಅಮ್ಮಾ, ಡೋಂಟ್ ಲೆಟ್ ದೆಮ್. ಪ್ಲೀಸ್."

"ಇನ್ನೂ ಯಾರೂ ಏನೂ ಹೇಳಿಲ್ಲ ಕಣೇ. ಸುಮ್ನಿರು."

"ಬಟ್ ಯು ಆರ್ ಕ್ರೈಯಿಂಗ್."

"ಚಹಾ ಬಿಸಿಯಿದೆ, ಅದಕ್ಕೆ" ಎಂದೆ. ಆ ಹುಡುಗಿಗೆ ನಾನು ಹೇಳಿದ ಸುಳ್ಳುಗಳಲ್ಲಿ ಅಷ್ಟು ಪೆದ್ದಾದ ಸುಳ್ಳು ಇನ್ನೊಂದಿಲ್ಲ.

ಫಿಯೋನಾ ಬಾಗಿಲಲ್ಲಿ ನಿಂತೇ ಹೇಳಿದರು. ಮೂಳೆಯಲ್ಲಿ ಬಿರುಕಿದೆ, ಉದ್ದವಾಗಿದೆ, ಆದರೆ ಇನ್ನೂ ಬೇರೆಯಾಗಿಲ್ಲ. ದಾರಿ ಎರಡು. ಈಗಲೇ ನೋವಿಲ್ಲದಂತೆ ಕಳಿಸಿಕೊಡುವುದು ಒಂದು. ಲಾಯದೊಳಗೆ ಕಟ್ಟಿ, ಮಲಗದಂತೆ ನಿಲ್ಲಿಸಿ ಕಾಯುವುದು ಇನ್ನೊಂದು. ಎಷ್ಟೋ ಕುದುರೆಗಳು ಹೀಗೆ ಉಳಿದಿವೆ, ಉಳಿಯದವೂ ಇವೆ ಎಂದರು. ನಾನು ರಘುಗೆ ಫೋನ್ ಮಾಡಿದೆ. ಅವರು ಇಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. ಕುದುರೆ ಎಂದರೆ ಅವರಿಗೆ ಭಯ. ಮೇಬಲ್ ನಮ್ಮವಳಾದಾಗಿನಿಂದ ಒಂದು ಸಲವೂ ಮುಟ್ಟಿರಲಿಲ್ಲ, ಬೇಲಿಯಾಚೆಯಿಂದ ಗುಡ್ ಮಾರ್ನಿಂಗ್ ಹೇಳುವುದಷ್ಟೇ. ಅಂಥವರು ಬೇಡ ಅನ್ನುತ್ತಾರೆ, ಆಮೇಲೆ ನಾನು ಅವರ ಮೇಲೆ ಸಿಟ್ಟು ಮಾಡಿಕೊಳ್ಳಬಹುದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ.

ಎಲ್ಲ ಕೇಳಿಸಿಕೊಂಡು ಅವರು, "ನೋವು ತಡೆಯೋ ಹಾಗೆ ಔಷಧಿ ಇದ್ಯಂತಾ? ಅದೊಂದು ಕೇಳು" ಎಂದರು. ಇದೆ ಎಂದರು ಫಿಯೋನಾ. "ಹಾಗಿದ್ರೆ ಒಂದು ಕೈ ನೋಡೇ ಬಿಡೋಣ. ಅವಳಿಗೂ ಒಂದು ಚಾನ್ಸ್ ಬೇಡ್ವಾ" ಎಂದರು ರಘು. ನನಗೆ ಅವರ ಮೇಲೆ ಇದ್ದಬದ್ದ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

ಲಾಯದೊಳಗೆ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಎತ್ತರದಲ್ಲಿ ತಂತಿ ಬಿಗಿದರು. ಮೇಬಲ್‌ನ ಮೂತಿಪಟ್ಟಿಯ ಹಗ್ಗವನ್ನು ಆ ತಂತಿಗೆ ಜಾರುವ ಬಳೆಯಿಂದ ಸಿಕ್ಕಿಸಿದರು. ಅವಳು ನಾಲ್ಕು ಹೆಜ್ಜೆ ಆಚೆ ಈಚೆ ಓಡಾಡಬಹುದು, ಹುಲ್ಲು ನೀರು ಎಟುಕುತ್ತದೆ, ಆದರೆ ತಲೆಯನ್ನು ನೆಲಕ್ಕೆ ತರಲಾಗುವುದಿಲ್ಲ, ಮಲಗಲಾಗುವುದಿಲ್ಲ. ನಾನು ಕೆಲಸಕ್ಕೆ ಮುಂಚೆ ಒಮ್ಮೆ, ಕೆಲಸ ಮುಗಿಸಿ ಒಮ್ಮೆ ಹೋಗುತ್ತಿದ್ದೆ. ನೋವಿನ ಪುಡಿಯನ್ನು ನಾನೇ ಕಲಸುತ್ತಿದ್ದೆ. ಜನ್ಮದಲ್ಲಿ ಅಷ್ಟು ದೊಡ್ಡ ಡೋಸ್ ಯಾರಿಗೂ ಕೊಟ್ಟವಳಲ್ಲ. ಪ್ರತಿ ಸಲವೂ ಪ್ಯಾಕೆಟ್ ಮೇಲಿರುವುದನ್ನು ಓದಿ, ತಪ್ಪು ಓದಿರಬಹುದು ಎಂದು ಮತ್ತೆ ಓದುತ್ತಿದ್ದೆ.

ನಮ್ಮ ಜನ ಏನಂದರು ಅಂತ ಹೇಳದಿದ್ದರೆ ಕಥೆ ಪೂರ್ತಿಯಾಗುವುದಿಲ್ಲ. ಮೈಸೂರಿನಿಂದ ನನ್ನ ತಮ್ಮ ಫೋನ್ ಮಾಡಿ, "ಕುದುರೆ ಕಾಲು ಮುರಿದ್ರೆ ಶೂಟ್ ಮಾಡ್ತಾರಲ್ವೇನೇ?" ಎಂದ.

"ಹೋದ ವರ್ಷ ನೀನು ಸ್ಕೂಟರಿಂದ ಬಿದ್ದು ಕಾಲು ಮುರ್ಕೊಂಡ್ಯಲ್ಲ, ನಾವೇನು ಶೂಟ್ ಮಾಡಿದ್ವಾ?" ಎಂದು ಫೋನ್ ಇಟ್ಟೆ. ಆಮೇಲೂ ಅದೇ ಪ್ರಶ್ನೆ ಕೇಳಿದವರು ಬಹಳ. ಎಲ್ಲರಿಗೂ ತಮ್ಮನಿಗೆ ಕೊಟ್ಟಷ್ಟು ಖಾರದ ಉತ್ತರ ಕೊಡಲಾಗುವುದಿಲ್ಲ, ಅದೊಂದು ಕಷ್ಟ. ಅತ್ತೆಯವರು ಮಾತ್ರ ವಿಡಿಯೋ ಕಾಲ್‌ನಲ್ಲಿ ಮೇಬಲ್‌ಳನ್ನು ತೋರಿಸಿದಾಗ ತುಂಬ ಹೊತ್ತು ನೋಡಿದರು. "ಪಾಪ, ಬಾಯಿಲ್ಲದ್ದು. ಕೂತ್ಕೊಳ್ಳೋದಕ್ಕೂ ಬಿಡಲ್ವಲ್ಲೇ" ಎಂದರು. ಅಲ್ಲಿಂದ ಮುಂದೆ ಪ್ರತಿದಿನ ಅವರ ಮೊದಲ ಪ್ರಶ್ನೆ ಮೇಬಲ್‌ನದು, ಮಗನದು ಎರಡನೆಯದು.

ಲಂಡನ್ನಿನ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ನಾನು ಒಂದು ಸಾಲು ಬರೆದಿದ್ದೆ, ಹೊಸ ವರ್ಷದ ಊಟಕ್ಕೆ ಬರಲಾಗುವುದಿಲ್ಲ, ಮೇಬಲ್‌ಗೆ ಹೀಗಾಗಿದೆ ಎಂದು. ಬರೆದದ್ದು ಕ್ಷಮೆ ಕೇಳಲು. ಆದರೆ ಮುಂದಿನ ಶನಿವಾರದಿಂದ ಜನ ಬರಲು ಶುರುಮಾಡಿದರು. ಕೊಲಿಂಡೇಲ್‌ನಿಂದ ಹೊಸದಾಗಿ ಮದುವೆಯಾದ ಜೋಡಿಯೊಂದು ನಾರ್ದರ್ನ್ ಲೈನ್ ಹಿಡಿದು, ರೈಲು ಬದಲಾಯಿಸಿ, ಟ್ರಾಮ್ ಹತ್ತಿ ಬಂದಿತು, ಕೈಯಲ್ಲಿ ಸೇಬಿನ ಚೀಲ. ಕ್ರೋಯ್ಡನ್ನಿನಲ್ಲೇ ಇರುವ ಇನ್ನೊಬ್ಬ ಡಾಕ್ಟರ ಮನೆಯವರು ಬಾಳೆಹಣ್ಣು, ದ್ರಾಕ್ಷಿ ತಂದರು. ಒಬ್ಬರು ಗ್ಲೂಕೋಸ್ ಬಿಸ್ಕತ್ತು ತಂದರು. ರೋಗಿಯನ್ನು ನೋಡಲು ಬರಿಗೈಲಿ ಹೋಗುವ ಅಭ್ಯಾಸ ನಮ್ಮಲ್ಲಿಲ್ಲ. ರೋಗಿ ಕುದುರೆ ಎಂಬುದರಿಂದ ಆ ಅಭ್ಯಾಸಕ್ಕೆ ಯಾವ ತೊಂದರೆಯೂ ಆಗಲಿಲ್ಲ.

ಪದ್ಮಕ್ಕನವರದು ಧಾರವಾಡ. ಇಲ್ಲಿ ಫ್ಯಾಮಿಲಿ ಡಾಕ್ಟರಾಗಿದ್ದು ನಿವೃತ್ತರಾಗಿ ಈಸ್ಟ್ ಹ್ಯಾಮ್‌ನಲ್ಲಿದ್ದಾರೆ, ನಮ್ಮ ಗುಂಪಿಗೆಲ್ಲ ಹಿರಿಯಕ್ಕ. ಅವರು ಅಲ್ಲಿಯ ಹೈ ಸ್ಟ್ರೀಟ್ ನಾರ್ತ್‌ನ ಅಂಗಡಿಯಿಂದ ಹುರುಳಿ ಕಟ್ಟಿಸಿಕೊಂಡು, ಆ ಭಾರ ಹೊತ್ತುಕೊಂಡು ಲಂಡನ್ನಿನ ಈ ತುದಿಗೆ ಬಂದರು.

"ಪದ್ಮಕ್ಕ, ಇಷ್ಟು ದೂರ ಇದನ್ನ ಯಾಕೆ ಹೊತ್ಕೊಂಡು ಬಂದ್ರಿ?"

"ಕುದುರಿಗೆ ಹುರುಳಿ ಬಿಟ್ಟು ಮತ್ತೇನ ಕೊಡ್ತಾರವಾ? ಎಲುವು ಗಟ್ಟಿ ಆಗಬೇಕಂದ್ರ ಹುರುಳಿನ ಬೇಕು." ಆಮೇಲೆ ಮೇಬಲ್‌ನ ಕುತ್ತಿಗೆ ಸವರಿ, "ಏನ ಮೇಬಲವ್ವಾ, ನಿಂತ ನಿಂತ ಕಾಲು ಸೋತಾವೇನ?" ಎಂದು ಮಾತಿಗೆ ಶುರುಮಾಡಿದರು. ಮೇಬಲ್ ಅವರ ಕೋಟಿನ ಜೇಬಿಗೆ ಮೂತಿ ಹಾಕಿ ಬಿಸ್ಕತ್ತು ಹುಡುಕಿದಳು. ಗಾಯವಾದ ಮೇಲೆ ಅವಳು ಹಾಗೆ ತುಂಟತನ ಮಾಡಿದ್ದು ಅದೇ ಮೊದಲು.

ಕುದುರೆಗೆ ಸಿಹಿ ಜಾಸ್ತಿಯಾಗಬಾರದು, ಓಡಾಟವಿಲ್ಲದ ಕುದುರೆಗಂತೂ ಆಗಲೇಬಾರದು. ಅದು ನನಗೆ ಗೊತ್ತಿರಲಿಲ್ಲ ಎಂದೇನಲ್ಲ. ಆದರೆ ಎರಡು ರೈಲು ಬದಲಾಯಿಸಿ ಬಂದವರ ಕೈಯಿಂದ ಹಣ್ಣು ಕಿತ್ತು ಚೀಲಕ್ಕೆ ವಾಪಸ್ ಹಾಕುವುದು ಹೇಗೆ? ಒಂದು ಚೂರು ಕೊಡಿ ಸಾಕು ಎನ್ನುತ್ತಿದ್ದೆ. ಎಲ್ಲರೂ ಒಂದೊಂದೇ ಚೂರು ಕೊಡುತ್ತಿದ್ದರು. ಜನ ಬಹಳ ಇದ್ದರು, ಅದನ್ನು ಮಾತ್ರ ನಾನು ಯೋಚಿಸಲಿಲ್ಲ.

ಹೀಗೆ ಸಂಕ್ರಾಂತಿ ಬಂತು. ಆ ವಾರದ ಭಾನುವಾರ ನಮ್ಮವರು ಹತ್ತು ಮಂದಿ ಎಳ್ಳು ಬೀರಲು ಲಾಯಕ್ಕೇ ಬಂದರು. ರೇಷ್ಮೆ ಸೀರೆಯ ಮೇಲೆ ದಪ್ಪ ಕೋಟು, ಕಾಲಲ್ಲಿ ಕೆಸರಿನ ಬೂಟು. ಎಳ್ಳುಬೆಲ್ಲದ ಪೊಟ್ಟಣ, ಸಕ್ಕರೆ ಅಚ್ಚು, ಈಸ್ಟ್ ಹ್ಯಾಮ್‌ನಿಂದ ಕಬ್ಬಿನ ಜಲ್ಲೆ. ಊರಲ್ಲಿ ಈ ಹಬ್ಬಕ್ಕೆ ದನಗಳ ಮೈ ತೊಳೆದು ಸಿಂಗರಿಸಿ ಎಡೆ ಇಡುತ್ತಾರೆ, ಇಲ್ಲಿ ನಮ್ಮ ಪಾಲಿಗಿರುವುದು ಮೇಬಲ್ ಎಂದರು ಒಬ್ಬರು. ಪದ್ಮಕ್ಕ ಅವಳ ಹಣೆಯ ಬಿಳಿ ಮಚ್ಚೆಯ ಮೇಲೆ ಕುಂಕುಮ ಇಟ್ಟರು. ತಟ್ಟೆ ಹಿಡಿದುಕೊಂಡು ನಿಂತವಳು ನಾನೇ. ಎಲ್ಲರೂ ಒಂದೊಂದು ಚಿಟಿಕೆ ಎಳ್ಳುಬೆಲ್ಲ, ಒಂದೊಂದು ತುಂಡು ಕಬ್ಬು ಕೊಟ್ಟರು. ಮೇಬಲ್ ಕಬ್ಬು ಅಗಿಯುವ ಸದ್ದಿಗೆ ಎಲ್ಲರೂ ನಕ್ಕರು. ಜೂಲಿ ದೂರದಲ್ಲಿ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದಳು. ನನಗೆ ಊರಿನ ನೆನಪಾಗದ ಮೊದಲ ಸಂಕ್ರಾಂತಿ ಅದು.

ಮಾರನೆಯ ದಿನ ಬೆಳಿಗ್ಗೆ ಮೇಬಲ್ ತನ್ನ ಒಳ್ಳೆಯ ಕಾಲನ್ನು, ಎಡಗಾಲನ್ನು, ಎತ್ತಿ ಎತ್ತಿ ಇಡುತ್ತಿದ್ದಳು. ಗೊರಸು ಮುಟ್ಟಿ ನೋಡಿದೆ. ಬೆಚ್ಚಗಿತ್ತು. ಪಾದದ ಮೇಲುಭಾಗದಲ್ಲಿ ನಾಡಿ ನನ್ನ ಬೆರಳಿಗೆ ಟಪಟಪ ಹೊಡೆಯುತ್ತಿತ್ತು. ಫಿಯೋನಾ ಬಂದರು. ಗೊರಸನ್ನು ಅಲ್ಲಲ್ಲಿ ಒತ್ತಿ ನೋಡಿದರು. ಆರು ವಾರದಿಂದ ಎರಡು ಕಾಲಿನ ಕೆಲಸವನ್ನು ಒಂದೇ ಕಾಲು ಮಾಡುತ್ತಿದೆ, ಅದು ಈಗ ಸೋಲುತ್ತಿದೆ ಎಂದರು. ಗೊರಸಿನ ಒಳಗೆ ಉರಿ ಹತ್ತಿದರೆ ಮೂಳೆ ಅದರ ಹಿಡಿತ ಬಿಟ್ಟು ಇಳಿದುಬಿಡುತ್ತದೆ. ಮುರಿದ ಕಾಲು ಗುಣವಾಗುವ ಹೊತ್ತಿಗೆ ಗಟ್ಟಿ ಕಾಲೇ ಹೋಗುವುದುಂಟು. ಆಮೇಲೆ ಕೇಳಿದರು, "ಇವಳು ಏನು ತಿನ್ನುತ್ತಿದ್ದಾಳೆ?"

ನಾನು ಹೇಳಿದೆ. ಸೇಬಿನಿಂದ ಶುರುಮಾಡಿ ಕಬ್ಬಿನವರೆಗೆ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣದಾಯಿತು. ಫಿಯೋನಾ ಬೈಯಲಿಲ್ಲ. ಭಾರವೇ ಸಾಕು ಇಂಥದ್ದಾಗಲು, ಸಕ್ಕರೆ ಅದಕ್ಕೆ ಜೊತೆಯಾಗಿರಬಹುದು, ಇನ್ನು ಬೇಡ ಎಂದಷ್ಟೇ ಹೇಳಿದರು. ಬೈದಿದ್ದರೆ ನನಗೆ ಸಲೀಸಾಗಿರುತ್ತಿತ್ತು.

ಅವರು ಕಾರಿನ ಕಡೆ ಹೋದ ಮೇಲೆ ನಾನು ಜೂಲಿಯ ಮೇಲೆ ಹಾರಿದೆ. ಮೂವತ್ತು ವರ್ಷ ಕುದುರೆ ಸಾಕಿದವಳು, ಒಂದು ಮಾತು ಹೇಳಬಾರದಿತ್ತಾ ಎಂದೆ. ಜೂಲಿ ಕೆಂಪಾದಳು.

"ಅದು ನಿಮ್ಮ ಧರ್ಮದ ಪದ್ಧತಿ ಅಂದುಕೊಂಡೆ. ಎಲ್ಲರೂ ಸಾಲಾಗಿ ಬಂದು ಕೊಡುತ್ತಿದ್ದರಲ್ಲ. ನಿನ್ನೆ ಹಣೆಗೆ ಬಣ್ಣ ಬೇರೆ ಹಚ್ಚಿದರು. ಬೇಡ ಅಂದರೆ ನಿನಗೆ ನೋವಾಗುತ್ತದೆ ಅಂತ ಸುಮ್ಮನಿದ್ದೆ."

ಅವಳಿಗೆ ನಮ್ಮನ್ನು ನೋಯಿಸಬಾರದೆಂಬ ಸಂಕೋಚ, ನನಗೆ ನಮ್ಮವರನ್ನು ನೋಯಿಸಬಾರದೆಂಬ ಸಂಕೋಚ. ನಮ್ಮಿಬ್ಬರ ಒಳ್ಳೆಯತನದ ನಡುವೆ ಮೇಬಲ್ ಕಬ್ಬು ತಿಂದಳು. ಇಬ್ಬರೂ ಆ ಮುರುಕು ಸೋಫಾದ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತೆವು. ಆಮೇಲೆ ಎದ್ದು ಕೆಲಸ ಶುರುಮಾಡಿದೆವು.

ಕೆಲಸ ಎಂದರೆ ಐಸು. ಆ ಎಡ ಗೊರಸನ್ನು ಬಿಡದೆ ತಣ್ಣಗಿಡಬೇಕು, ಒಂದು ಗಳಿಗೆಯೂ ಬಿಸಿಯಾಗಲು ಬಿಡಬಾರದು, ಈ ಎರಡು ಮೂರು ದಿನ ಬಹಳ ಮುಖ್ಯ ಎಂದಿದ್ದರು ಫಿಯೋನಾ. ಗೊರಸಿನಡಿಗೆ ಮೆತ್ತೆ ಕಟ್ಟಿ, ಮೊಣಕಾಲವರೆಗೆ ಬರುವ ರಬ್ಬರ್ ಚೀಲ ತೊಡಿಸಿದರು. ಅದಕ್ಕೆ ಐಸು ತುಂಬುತ್ತಿರಬೇಕು. ಒಣಹುಲ್ಲನ್ನೂ ನೀರಿನಲ್ಲಿ ನೆನೆಸಿ, ಸಿಹಿಯೆಲ್ಲ ಹೋದ ಮೇಲೆ ಕೊಡಬೇಕು. ಲಾಯದ ಹಳೆಯ ಫ್ರಿಜ್ಜಿನ ಐಸು ಮಧ್ಯಾಹ್ನದ ಊಟದ ಹೊತ್ತಿಗೇ ಖಾಲಿಯಾಯಿತು.

ನಾನು ಗುಂಪಿಗೆ ಬರೆದೆ. "ಮೇಬಲ್‌ನ ಇನ್ನೊಂದು ಕಾಲೂ ಅಪಾಯದಲ್ಲಿದೆ. ದಯವಿಟ್ಟು ಇನ್ನು ಯಾರೂ ತಿನ್ನುವುದೇನೂ ತರಬೇಡಿ. ನಾನೇ ಮೊದಲೇ ಹೇಳಬೇಕಿತ್ತು." ಕಳಿಸಿದ ಮೇಲೆ ಅದನ್ನೇ ಮತ್ತೆ ಮತ್ತೆ ಓದಿದೆ. ಇಷ್ಟು ಪ್ರೀತಿಯಿಂದ ಬಂದವರಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದೆನಲ್ಲ, ಇನ್ನು ಯಾರು ಬರುತ್ತಾರೆ ಅನ್ನಿಸಿತು. ಅಷ್ಟರಲ್ಲಿ ಪದ್ಮಕ್ಕನ ಫೋನು.

"ತಪ್ಪು ನಮ್ಮದೂ ಐತಿ ಬಿಡವಾ, ಕೇಳದ ಕೊಟ್ವಿ. ಅಳಬ್ಯಾಡ. ತಿನ್ನೂದು ಬ್ಯಾಡಂದ್ರ ಬ್ಯಾಡ. ಆದ್ರ ಬರಿಗೈಲೆ ಹೆಂಗ ಬರೂದು? ಏನ ತರಬೇಕ ಅದನ್ನ ಹೇಳು."

"ಐಸು" ಎಂದೆ.

ಜನವರಿಯ ಆ ಚಳಿಯಲ್ಲಿ ಕ್ರೋಯ್ಡನ್ನಿನ ಸೂಪರ್‌ಮಾರ್ಕೆಟ್ಟುಗಳಲ್ಲಿ ಐಸು ಕೊಳ್ಳುತ್ತಿದ್ದವರು ನಮ್ಮವರು ಮಾತ್ರ ಇರಬೇಕು. ಸಂಜೆಯೊಳಗೆ ಮೂರು ಕಾರು ಬಂದವು, ಹಿಂದಿನ ಸೀಟಿನ ತುಂಬ ಐಸಿನ ಚೀಲ. ಕೊಲಿಂಡೇಲ್‌ನ ಜೋಡಿ ಆಫೀಸಿಗೆ ರಜೆ ಹಾಕಿ, ಮೀನು ಒಯ್ಯುವ ಥರ್ಮೋಕೋಲ್ ಪೆಟ್ಟಿಯಲ್ಲಿ ಐಸು ಹೊತ್ತು ಟ್ರಾಮಿನಲ್ಲಿ ಬಂದರು. ಟ್ರಾಮಿನವರೆಲ್ಲ ಮೂಗು ಮುಚ್ಚಿಕೊಂಡಿದ್ದರಂತೆ. ಡಾಕ್ಟರ ಮನೆಯವರು ತಮ್ಮ ಫ್ರೀಜರಿನಲ್ಲಿದ್ದ ಬಟಾಣಿ, ಪರೋಟ ಎಲ್ಲ ಹೊರಗೆ ತೆಗೆದು ಐಸು ಮಾಡಿಟ್ಟರು. ಪದ್ಮಕ್ಕ ಹುರುಳಿ ತಂದ ಅದೇ ಚೀಲದಲ್ಲಿ ಐಸು ತುಂಬಿಸಿಕೊಂಡು ಬಂದರು, ಲಾಯ ಮುಟ್ಟುವ ಹೊತ್ತಿಗೆ ಅರ್ಧ ನೀರಾಗಿತ್ತು. ಆ ನೀರನ್ನೂ ಚೆಲ್ಲಲು ಬಿಡಲಿಲ್ಲ, ತಣ್ಣಗಿದೆ ಎಂದು ಗೊರಸಿಗೇ ಸುರಿಸಿದರು.

ಪಾಳಿ ಹಾಕಿಕೊಂಡೆವು. ಯಾರಾದರೊಬ್ಬರು ಯಾವಾಗಲೂ ಪಕ್ಕದಲ್ಲಿರಬೇಕಿತ್ತು, ಐಸಿಗಾಗಿ ಮಾತ್ರವಲ್ಲ. ಕುದುರೆ ನಿಂತೇ ತೂಕಡಿಸುತ್ತದೆ ನಿಜ, ಆದರೆ ಗಾಢ ನಿದ್ದೆಗೆ ಅದೂ ಮಲಗಲೇಬೇಕು. ಆರು ವಾರ ಮಲಗದೆ ಮೇಬಲ್ ಸೋತಿದ್ದಳು. ಕಣ್ಣು ಮುಚ್ಚಿ, ತಲೆ ಇಳಿದು, ಇದ್ದಕ್ಕಿದ್ದಂತೆ ಮಂಡಿ ಕುಸಿಯುತ್ತಿತ್ತು. ಮರುಕ್ಷಣ ಬೆಚ್ಚಿ ಎದ್ದು ನಿಲ್ಲುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಅಂಗಡಿಯಿಂದ ಬಂದಾಗ ರಘು ಲಾಯದ ಬಾಗಿಲಿನ ಒಳಗೆ, ಹೊರಗಲ್ಲ, ಒಳಗೆ, ಬಕೆಟ್ ಬೋರಲು ಹಾಕಿ ಕೂತಿದ್ದರು. ಒಂದು ಕೈ ಮೇಬಲ್‌ನ ಮೂತಿಪಟ್ಟಿಯ ಮೇಲಿತ್ತು.

"ರೀ, ಭಯ ಆಗ್ಲಿಲ್ವಾ?"

"ಆಗ್ತಾನೇ ಇದೆ. ಆದ್ರೆ ಇವಳು ಬೀಳೋ ಹಾಗೆ ಆದಾಗ ಸುಮ್ನೆ ನೋಡ್ಕೊಂಡು ಕೂರೋದಕ್ಕೆ ಆಗುತ್ತಾ? ಹಿಡ್ಕೊಂಡೆ. ಹಿಡ್ಕೊಂಡ ಮೇಲೆ ಬಿಡಕ್ಕೆ ಆಗ್ಲಿಲ್ಲ." ಕಣ್ಣು ಮೇಬಲ್‌ನ ಪಕ್ಕೆಯ ಮೇಲೇ ಇತ್ತು. "ನನ್ನ ಕೆಲಸಾನೂ ಇದೇ ಅಲ್ವೇನೇ. ಪಕ್ಕದಲ್ಲಿ ಕೂತು ಉಸಿರು ನೋಡೋದು."

ಇಪ್ಪತ್ತೆರಡು ವರ್ಷ ಈ ಮನುಷ್ಯನ ಜೊತೆ ಸಂಸಾರ ಮಾಡಿದ್ದೇನೆ. ಅವರನ್ನು ಅಷ್ಟು ಪ್ರೀತಿಯಿಂದ ನೋಡಿದ್ದು ಆ ಬಕೆಟ್ಟಿನ ಮೇಲೆ ಕೂತಾಗಲೇ. ಅದನ್ನು ಅವರಿಗೆ ಹೇಳಿದೆ ಕೂಡ. "ಸರಿ, ಮೊದಲು ಐಸು ಹಾಕು" ಎಂದರು.

ಮೂರನೆಯ ದಿನ ಗೊರಸಿನ ಬಿಸಿ ಇಳಿಯಿತು. ಫಿಯೋನಾ ನಾಡಿ ಹುಡುಕಿ ಹುಡುಕಿ, ಸುಲಭಕ್ಕೆ ಸಿಗುತ್ತಿಲ್ಲ ಎಂದು ನಕ್ಕರು. ಕುದುರೆಯ ಪಾದದಲ್ಲಿ ನಾಡಿ ಸುಲಭಕ್ಕೆ ಸಿಗದಿರುವುದೇ ಒಳ್ಳೆಯ ಸುದ್ದಿ. ಆದರೂ ನಮ್ಮವರು ಬರುವುದನ್ನು ನಿಲ್ಲಿಸಲಿಲ್ಲ. ಐಸು ಬೇಡವಾದ ಮೇಲೆ ಹಳೆಯ ಟವೆಲು, ಬಿಸಿನೀರಿನ ಫ್ಲಾಸ್ಕು, ನಮಗೆ ಬಿಸಿಬೇಳೆ ಭಾತು ತಂದರು. ಜೂಲಿ ಬಾಗಿಲಿನ ಮೇಲೆ ದೊಡ್ಡದಾಗಿ ಬೋರ್ಡ್ ಬರೆದು ಹಾಕಿದಳು, ಕುದುರೆಗೆ ಏನೂ ಕೊಡಬೇಡಿ ಎಂದು. ಬಿಸಿಬೇಳೆ ಭಾತನ್ನು ಮಾತ್ರ ಎರಡು ಸಲ ಹಾಕಿಸಿಕೊಂಡಳು.

ಫೆಬ್ರವರಿಯಲ್ಲಿ ಮತ್ತೆ ಎಕ್ಸ್‌ರೇ, ಮತ್ತೆ ಅದೇ ಸೋಫಾ. ಈ ಸಲ ಪದ್ಮಕ್ಕ ನನ್ನ ಒಂದು ಪಕ್ಕ, ಅನನ್ಯಾ ಇನ್ನೊಂದು ಪಕ್ಕ. ಬಾಗಿಲು ತೆಗೆದ ಫಿಯೋನಾ ನಿಂತೇ ಹೇಳದೆ ಒಳಗೆ ಬಂದು ಕೂತರು. ಕೂತಾಗಲೇ ನನಗೆ ಗೊತ್ತಾಯಿತು. ಬಿರುಕು ತುಂಬಿಕೊಂಡಿದೆ, ಹಗ್ಗ ಬಿಚ್ಚಬಹುದು ಎಂದರು.

ಇದೆಲ್ಲ ಆಗಿ ಒಂದೂವರೆ ವರ್ಷವಾಯಿತು. ಮೇಬಲ್ ಈಗ ಗುಡ್ಡದ ಕೆಳಗಿನ ಬಯಲಿನಲ್ಲಿ ಮೇಯುತ್ತಾಳೆ, ಒದ್ದ ಆ ಕುದುರೆಯಿಂದ ದೂರದಲ್ಲಿ. ಬಲಗಾಲಿನ ಮೇಲೊಂದು ಗಂಟು ಉಳಿದಿದೆ, ಚಳಿಗೆ ಸ್ವಲ್ಪ ಬಿಗಿಯುತ್ತದೆ. ನಾನು ಅವಳ ಮೇಲೆ ಕೂತು ನಿಧಾನಕ್ಕೆ ನಡೆಸುವುದುಂಟು, ಓಡಿಸುವುದಿಲ್ಲ. ಅನನ್ಯಾ ಯೂನಿವರ್ಸಿಟಿಯಿಂದ ರಜೆಗೆ ಬಂದರೆ ಮೊದಲು ಅಲ್ಲಿಗೇ ಹೋಗುತ್ತಾಳೆ. ಫಿಯೋನಾಗೆ, ಜೂಲಿಗೆ, ಐಸು ಹೊತ್ತ ಒಬ್ಬೊಬ್ಬರಿಗೂ ನಾನು ಋಣಿ. ಬಾಯಲ್ಲಿ ಹೇಳಿದರೆ ಪದ್ಮಕ್ಕ, "ಹುಚ್ಚಿ, ಸುಮ್ಮನ ಕೂಡು" ಅನ್ನುತ್ತಾರೆ. ಅದಕ್ಕೆ ಇಲ್ಲಿ ಬರೆದಿದ್ದೇನೆ.

ಆ ಫೆಬ್ರವರಿಯಲ್ಲಿ, ಹಗ್ಗ ಬಿಚ್ಚಿದ ದಿನಕ್ಕೆ ಎಲ್ಲ ಮುಗಿಯಿತು ಎಂದುಕೊಂಡಿದ್ದೆವು. ಮುಗಿಯಲಿಲ್ಲ. ಮೊಣಕಾಲು ಮುಳುಗುವಷ್ಟು ಹೊಸ ಹುಲ್ಲು ಹಾಸಿದೆವು, ಮೇಬಲ್ ಮಲಗಲಿಲ್ಲ. ತಂತಿ ಇದ್ದ ಜಾಗದ ಕೆಳಗೆ ಅಲ್ಲೇ ನಿಂತಳು, ತಲೆ ಎತ್ತಿಕೊಂಡೇ. ಮಾರನೆಯ ದಿನವೂ ನಿಂತೇ ಇದ್ದಳು. ಮಲಗುವುದು ಮರೆತಿದ್ದಾಳೋ ಅಥವಾ ಎದ್ದೇಳಲಾಗುವುದಿಲ್ಲ ಎಂದು ಹೆದರಿದ್ದಾಳೋ ಎಂದು ಫಿಯೋನಾಗೂ ಹೇಳಲಾಗಲಿಲ್ಲ. ಮೂಳೆ ನಿಜವಾಗಿಯೂ ಕೂಡಿದೆಯೋ ಎಂಬುದಕ್ಕೆ ಅವಳು ಮಲಗಿ ಏಳುವುದೇ ಪರೀಕ್ಷೆ, ಅದನ್ನು ಅವಳೇ ಮಾಡಬೇಕು ಎಂದರು. ರಘು ದಿನವೂ ಆಸ್ಪತ್ರೆಯಿಂದ ಮೆಸೇಜ್ ಮಾಡುತ್ತಿದ್ದರು, "ಮಲಗಿದಳಾ?" ಇಲ್ಲ, ಇನ್ನೂ ಇಲ್ಲ.

ಆ ವಾರದ ಕೊನೆಗೆ ಒಂದು ಬೆಳಿಗ್ಗೆ ನಾನು ಹೋದಾಗ ಲಾಯದ ಅರ್ಧ ಬಾಗಿಲಿನ ಮೇಲೆ ಅವಳ ತಲೆ ಕಾಣಲಿಲ್ಲ. ಓಡಿದೆ. ಒಳಗೆ ಮೇಬಲ್ ಪಕ್ಕಕ್ಕೆ ಬಿದ್ದಿದ್ದಳು, ನಾಲ್ಕೂ ಕಾಲು ಚಾಚಿ, ಕುತ್ತಿಗೆ ಹುಲ್ಲಿನ ಮೇಲೆ. ಬಾಗಿಲಿನ ಚಿಲಕಕ್ಕೆ ಕೈ ಹಾಕಿದೆ. ಪಕ್ಕದಲ್ಲೇ ನಿಂತಿದ್ದ ಜೂಲಿ ನನ್ನ ಭುಜ ಹಿಡಿದು ತುಟಿಯ ಮೇಲೆ ಬೆರಳಿಟ್ಟಳು. ಆಗ ಕೇಳಿಸಿತು. ಮೇಬಲ್ ಗೊರಕೆ ಹೊಡೆಯುತ್ತಿದ್ದಳು.

ಎಷ್ಟು ಹೊತ್ತು ನಿಂತೆವೋ ಗೊತ್ತಿಲ್ಲ. ಕೆಲಸಕ್ಕೆ ತಡವಾಯಿತು, ಆಗಲಿ ಎಂದುಕೊಂಡೆ. ಕೊನೆಗೆ ಅವಳ ಕಿವಿ ಅಲ್ಲಾಡಿತು. ತಲೆ ಎತ್ತಿ ನಮ್ಮನ್ನು ನೋಡಿದಳು, ಹೊಟ್ಟೆಯ ಮೇಲೆ ಹೊರಳಿದಳು, ಎಡ ಮುಂಗಾಲು ಮುಂದಿಟ್ಟಳು. ಆಮೇಲೆ ಬಲಗಾಲು. ಜೂಲಿ ನನ್ನ ಕೈಯನ್ನು ನೋವಾಗುವಷ್ಟು ಒತ್ತಿದಳು. ಮೇಬಲ್ ಒಂದು ಸಲ ಉಸಿರೆಳೆದು, ಇಡೀ ಮೈಭಾರ ಆ ಎರಡು ಕಾಲಿನ ಮೇಲೆ ಹಾಕಿದಳು. ಎದ್ದಳು. ನಿಂತಳು. ಮೈ ಕೊಡವಿದಳು, ಹುಲ್ಲಿನ ಚೂರೆಲ್ಲ ನಮ್ಮ ಮುಖಕ್ಕೆ ಹಾರಿತು.

ರಘುಗೆ ಫೋನ್ ಮಾಡಿದೆ. ಆಪರೇಷನ್ ಥಿಯೇಟರಿನ ಹೊರಗಿದ್ದರು. ನನಗೆ ಬರೀ ಅಳು ಬಂತು. ಅವರು ಮೆಲ್ಲಗೆ, "ಏನಾಯ್ತೇ? ಮಲಗಿಬಿಟ್ಲಾ?" ಎಂದರು.

"ಮಲಗಿದ್ಲು ರೀ" ಎಂದೆ. "ಮಲಗಿ, ಎದ್ಲು."